ನಿಂತು ಹೇಳಿದರೆ ಮಾತ್ರ ಬರೆಯುತ್ತಿದ್ದ ಯಂತ್ರ

ನಂಬದೆ ಇರಿ, ನೋಡೋಣ. ಯಲಬುರ್ಗಾ ಸೀಮೆಯಲ್ಲಿ ನನ್ನ ಮಾತು ನಂಬಿ ಮೋಸ ಹೋದವರ ಹೆಸರು ಬರೆಯುತ್ತ ಹೋದರೆ ಒಂದು ಹಾಜರಿ ಪುಸ್ತಕ ಸಾಲುವುದಿಲ್ಲ. ಅದರಲ್ಲಿ ಮೊದಲ ಹೆಸರು ನನ್ನ ಹೆಂಡತಿಯದೇ. ಅಂಥ ನಾನು ಈಗ ಹೇಳಹೊರಟಿರುವುದು ಖರೆ. ಒಂದು ಕಡೆ ಮಾತ್ರ ಸುಳ್ಳು ಸೇರಿಸಿದ್ದೇನೆ. ಎಲ್ಲಿ ಎಂದು ಹುಡುಕುತ್ತಿರಿ... ಸಿಗುವುದಿಲ್ಲ ಬಿಡಿ.

ಮೊನ್ನೆ ಟ್ರಂಕು ಬಗೆಯುವಾಗ ಒಂದು ಹಳೆಯ ಹೆಡ್‌ಫೋನು ಕೈಗೆ ಬಂತು. ಬಾಯಿಯ ಮುಂದೆ ಬರುವ ಸಣ್ಣ ಮೈಕು, ಅದರ ತುದಿಗೆ ಕರಿಯ ಸ್ಪಂಜು. ಮುಟ್ಟಿದರೆ ಸ್ಪಂಜು ಪುಡಿಯಾಗಿ ಬೆರಳಿಗೆ ಅಂಟಿತು. ಮೂಸಿ ನೋಡಿದೆ. ಇಪ್ಪತ್ತು ವರ್ಷ ದಾಟಿದ್ದರೂ ಅದರೊಳಗೆ ತಪಕೀರಿನ ಘಾಟು ಹಾಗೇ ಕೂತಿತ್ತು. ಮೂಗಿಗೆ ಏರಿಸುವ ತಪಕೀರು! ಮೂರು ಸೀನು ಸೀನಿದೆ, ಕಣ್ಣಲ್ಲಿ ನೀರು ಬಂತು. ಸೀನಿದ್ದಕ್ಕೆ ಬಂತು ಎಂದು ಹೆಂಡತಿಗೆ ಹೇಳಿದೆ.

ಆ ಘಾಟು ನಮ್ಮ ಇಂಗ್ಲಿಷ್ ಮಾಸ್ತರದು.

ಕೊಪ್ಪಳ ಜಿಲ್ಲೆಯಾಗಿ ಐದಾರು ವರ್ಷ ಕಳೆದಿದ್ದ ಕಾಲ. ನಾನು ಯಲಬುರ್ಗಾ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕ್ಲಾರ್ಕು. ಮಾಸ್ತರು ಅಲ್ಲಿಂದಲೇ ನಿವೃತ್ತರಾಗಿದ್ದರು, ಆದರೆ ಅವರ ಜಾಗಕ್ಕೆ ಬೇರೆ ಯಾರೂ ಬಂದಿರಲಿಲ್ಲ. ಹಾಗಾಗಿ ದಿನಾ ಹತ್ತೂವರೆಗೆ ಬಂದು ಪುಕ್ಕಟೆ ಪಾಠ ಮಾಡಿ ಹೋಗುತ್ತಿದ್ದರು. ಮೊಣಕಾಲು ಎರಡೂ ಸವೆದಿದ್ದವು. ಕೈಗಳೆರಡೂ ನಡುಗುತ್ತಿದ್ದವು, ಚಹಾದ ಬಸಿ ಹಿಡಿದರೆ ಕಪ್ಪು ಕುಣಿಯುತ್ತಿತ್ತು. ಕರಿಹಲಗೆಯ ಮೇಲೆ ಬರೆಯುವುದನ್ನು ಬಿಟ್ಟು ವರ್ಷವೇ ಆಗಿತ್ತು. ಆದರೆ ದನಿ ಮಾತ್ರ... ಗೇಟಿನ ಹೊರಗೆ ಕಡಲೆಕಾಯಿ ಮಾರುವವನಿಗೂ ಇಂಗ್ಲಿಷ್ ಪಾಠ ಬಾಯಿಪಾಠವಾಗಿತ್ತು.

ಅವರು ಎಂದೂ ಕೂತು ಪಾಠ ಮಾಡಿದವರಲ್ಲ. ಎಡಗೈಯನ್ನು ಟೇಬಲ್ಲಿಗೆ ಊರಿ, ಎದೆ ಎತ್ತಿ, ಒಂದು ರಾಗದಲ್ಲಿ ಓದುತ್ತಿದ್ದರು. ಡಿಕ್ಟೇಶನ್ ಕೊಡುವಾಗ ಪ್ರತಿ ಸಾಲನ್ನೂ ಎರಡು ಸಲ ಹೇಳುವುದು ಅವರ ಪದ್ಧತಿ. ಮೊದಲ ಸಲ ಬರೆಯುವುದಕ್ಕೆ, ಎರಡನೇ ಸಲ ತಿದ್ದಿಕೊಳ್ಳುವುದಕ್ಕೆ. ಕಾಮಾ, ಫುಲ್‌ಸ್ಟಾಪುಗಳನ್ನೂ ಬಾಯಿಬಿಟ್ಟು ಹೇಳುತ್ತಿದ್ದರು.

ಇನ್ನು ನನ್ನ ವಿಷಯ. ಮಾಸ್ತರ ದನಿಯನ್ನು ನನ್ನಷ್ಟು ಚೆನ್ನಾಗಿ ಅಣಕಿಸುವವರು ಏಳು ಹಳ್ಳಿಯಲ್ಲಿ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಒಂದು ಸಲ ಕೆಮ್ಮಿದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಸಹಿಗಳಂತೂ ಬಿಡಿ, ಯಾರದು ಬೇಕು ಹೇಳಿ. ನಮ್ಮ ಸಂಸ್ಥೆಯ ಅಧ್ಯಕ್ಷರು ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. ಒಮ್ಮೆ ಅವರ ಹೆಸರಲ್ಲಿ ನಾನೇ ಒಂದು ಪತ್ರ ಟೈಪು ಮಾಡಿ, ಅವರ ಮಗಳ ಕುಬಸದ, ಅಂದರೆ ಸೀಮಂತದ, ಊಟಕ್ಕೆ ನಮ್ಮ ಹೆಡ್‌ಮಾಸ್ತರನ್ನು ಕರೆದಿದ್ದೆ. ಹೆಡ್‌ಮಾಸ್ತರು ಸೀರೆ, ತೆಂಗಿನಕಾಯಿ, ಎರಡು ಡಜನ್ ಹಸಿರು ಬಳೆ ಹಿಡಿದು ಕಾರಟಗಿ ಬಸ್ಸು ಹತ್ತಿ ಗಂಗಾವತಿಯಲ್ಲಿ ಇಳಿದರು. ಅಧ್ಯಕ್ಷರಿಗೆ ಇದ್ದವರು ಮೂವರೂ ಗಂಡುಮಕ್ಕಳು. ಊರು ಒಂದು ತಿಂಗಳು ನಕ್ಕಿತು. ಹೆಡ್‌ಮಾಸ್ತರು ಮಾತ್ರ ನಗಲಿಲ್ಲ. ಸಹಿ ನನ್ನದೇ ಎಂದು ಗೊತ್ತಿದ್ದರೂ ರುಜುವಾತು ಸಿಗದೆ ಹಲ್ಲು ಕಡಿದುಕೊಂಡಿದ್ದರು.

ಆ ವರ್ಷ ಎಂಟನೇ ತರಗತಿಯ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳು ತೂರುವಷ್ಟು. ಮಾಸ್ತರು ಹೆಡ್‌ಮಾಸ್ತರಿಗೆ ಮೂರು ಸಲ ಹೇಳಿದರು. ಹೆಡ್‌ಮಾಸ್ತರದು ಒಂದೇ ಉತ್ತರ: "ಬಾಯಿಲೆ ಹೇಳಿದ್ರ ಹ್ಯಾಂಗ್ರಿ? ಬರದು ಕೊಡ್ರಿ, ಮ್ಯಾಲೆ ಕಳಸ್ತೀನಿ." ನಡುಗುವ ಕೈಯವರು ಬರೆಯಲಾರರು ಎಂದು ಗೊತ್ತಿದ್ದೇ ಹೇಳಿದ ಮಾತದು.

"ನಾ ಬರಕೊಡ್ತೀನಿ, ನೀವು ಹೇಳ್ರಿ ಸರ" ಎಂದೆ.

"ನನ್ನ ಇಂಗ್ಲಿಷಿನಾಗ ಮತ್ತೊಬ್ಬನ ಕೈ ಬ್ಯಾಡೋ. ಅದೂ ನಿನ್ನ ಕೈ!" ಎಂದು ಬೈದರು.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿದ್ದ ನನ್ನ ಷಡ್ಡಕನ ಹತ್ತಿರ ಒಂದು ಸಿಡಿ ಇತ್ತು. ಮಾತಾಡಿದರೆ ಟೈಪಾಗುವ ಸಾಫ್ಟ್‌ವೇರು, ಇಂಗ್ಲಿಷ್ ಮಾತ್ರ. ಅದನ್ನೂ ಈ ಹೆಡ್‌ಫೋನನ್ನೂ ತಂದು ಶಾಲೆಯ ಒಂದೇ ಒಂದು ಕಂಪ್ಯೂಟರಿಗೆ ಹಾಕಿದೆ. ಮೊದಲು ಮಾಸ್ತರಿಗೆ ಇದೂ ನನ್ನ ಆಟ ಅನಿಸಿತು. ಟೇಬಲ್ಲಿನ ಕೆಳಗೆ ಯಾರನ್ನಾದರೂ ಕೂಡಿಸಿದ್ದೇನೋ ಎಂದು ಬಗ್ಗಿ ನೋಡಿದರು ಕೂಡ.

ಆ ಯಂತ್ರ ಹಾಕಿದ ಕೂಡಲೇ ಬರೆಯುವುದಲ್ಲ. ಮೊದಲು ಮೈಕಿನ ಅಳತೆ; ಮಾತಾಡಿದಂತೆ ಪರದೆಯ ಮೇಲೆ ಒಂದು ಪಟ್ಟಿ ಏರಿಳಿಯುತ್ತಿತ್ತು, ಅದು ಹಸಿರಿನಲ್ಲೇ ಇರಬೇಕು. ಆಮೇಲೆ ಯಂತ್ರ ಕೊಟ್ಟ ಪಾಠವನ್ನು ಓದಬೇಕು. ನಮ್ಮ ದನಿ ಅದಕ್ಕೆ ತಿಳಿದರೆ ಆ ಸಾಲು ಮಸುಕಾಗಿ ಮುಂದಿನದು ಬರುತ್ತದೆ. ತಿಳಿಯದಿದ್ದರೆ ಅಲ್ಲೇ ಹಟ ಹಿಡಿದು ನಿಲ್ಲುತ್ತದೆ.

ಭಾನುವಾರಗಳಂದು, ಶಾಲೆಯಲ್ಲಿ ಗದ್ದಲವಿಲ್ಲದಾಗ ಕೂತೆವು. ಕೂತೆವು ಎಂದರೆ ನಾನು ಕೂತೆ. ಮಾಸ್ತರು ಎದ್ದು ನಿಂತರು. ನಿಂತವರ ಕಣ್ಣಿಗೆ ಪರದೆ ಎಟುಕಲಿ ಎಂದು ಹಳೆಯ ಹಾಜರಿ ಪುಸ್ತಕಗಳ ಗಂಟನ್ನು ಮಾನಿಟರಿನ ಕೆಳಗೆ ಇಟ್ಟೆ. ಎಡಗೈ ಊರಿದರು, ಎದೆ ಎತ್ತಿದರು, ರಾಗ ತೆಗೆದರು. ಸಾಲುಗಳು ಒಂದೊಂದಾಗಿ ಮಸುಕಾದವು. ನಾನು ಜೀವಮಾನದಲ್ಲಿ ಅಷ್ಟು ವಿಧೇಯ ವಿದ್ಯಾರ್ಥಿಯನ್ನು ನೋಡಿರಲಿಲ್ಲ.

"ಹೊಸಾ ಅಡ್ಮಿಶನ್ ಛಲೋ ಐತಲೇ" ಎಂದರು ಮಾಸ್ತರು. "ನಿನಕಿಂತ ಶಾಣ್ಯಾ."

"ಅದಕ್ಕ ನಿಮ್ಮ ಛಡಿ ಏಟಿನ ರುಚಿ ಇನ್ನಾ ಗೊತ್ತಿಲ್ರಿ."

ಎರಡನೇ ಭಾನುವಾರ ಅವರ ಮೊಣಕಾಲು ಬಾತಿತ್ತು. ಕುರ್ಚಿ ಕೊಟ್ಟೆ. ಕೂತು ಓದಿದರು; ಯಂತ್ರ ಒಂದು ಸಾಲೂ ಮುಂದೆ ಹೋಗಲಿಲ್ಲ. ಕೂತರೆ ಅವರ ದನಿ ಬೇರೆಯೇ ಆಗುತ್ತಿತ್ತು. ಮನೆಯಲ್ಲಿ ನೀರು ಕೇಳುವ ಮುದುಕರ ದನಿ. ಮತ್ತೆ ಎದ್ದು ನಿಂತರು, ಯಂತ್ರವೂ ಎದ್ದಿತು. ನಾವಿಬ್ಬರೂ ನಕ್ಕೆವು. ಅಂದು ಅದು ನಗುವ ಮಾತೇ ಆಗಿತ್ತು.

ಊರ ಹೆಸರುಗಳು ಅದಕ್ಕೆ ಗೊತ್ತಿರಲಿಲ್ಲ. ಯಲಬುರ್ಗಾ, ಕುಷ್ಟಗಿ, ಇಟಗಿ ಎಂದು ಒಂದೊಂದನ್ನೂ ನಾನು ಟೈಪು ಮಾಡಿದೆ, ಅವರು ಹೇಳಿ ಕಲಿಸಿದರು. ನಡುವೆ ತಪಕೀರು ಏರಿಸಿ ಸೀನಿದರೆ ಯಂತ್ರ ಅದಕ್ಕೂ ಏನೋ ಒಂದು ಇಂಗ್ಲಿಷ್ ಬರೆಯುತ್ತಿತ್ತು. ಮೂರನೇ ಭಾನುವಾರ ಪತ್ರ ಹೇಳಿದರು. ಅಭ್ಯಾಸಬಲ, ಪ್ರತಿ ಸಾಲೂ ಎರಡು ಸಲ. ಯಂತ್ರವೂ ಎರಡು ಸಲ ಬರೆಯಿತು.

"ಎರಡನೇದು ತಗೀಲೇನ್ರಿ ಸರ?"

"ತಗಿ. ತಗಿಯೂದಷ್ಟ. ಒಂದು ಕಾಮಾ ಸೇರಸಿದಿ ಅಂದ್ರ ನೋಡು."

ಸೇರಿಸಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಅದೊಂದು ಪತ್ರದಲ್ಲಿ ನನ್ನದು ಒಂದು ಚುಕ್ಕೆಯೂ ಇರಲಿಲ್ಲ. ಗೋಡೆ ಬಿರಿದಿದೆ, ಅದರ ಕೆಳಗೆ ನಲವತ್ತು ಮಕ್ಕಳು ಕೂರುತ್ತಾರೆ, ಇಂದೇ ಕೋಣೆ ಖಾಲಿ ಮಾಡಿಸಿ ಎಂಬ ಪತ್ರ. ಮಾಸ್ತರು ನಡುಗುತ್ತ ಸಹಿ ಹಾಕಿದರು. ಗಂಗಾವತಿಗೆ, ನೇರ ಅಧ್ಯಕ್ಷರಿಗೇ ಅಂಚೆಗೆ ಹಾಕಿದೆ.

ವಾರದೊಳಗೆ ಉತ್ತರ ಬಂತು. ನನಗೆ. ಹಿರಿಯ ಶಿಕ್ಷಕರ ಸಹಿ ನಕಲು ಮಾಡಿ ಸಂಸ್ಥೆಗೆ ಸುಳ್ಳು ಪತ್ರ ಬರೆದನೆಂದು ಹೆಡ್‌ಮಾಸ್ತರು ಹೊರಿಸಿದ ಆರೋಪದ ಮೇಲೆ ಅಮಾನತು. ಮುಂದಿನ ಸೋಮವಾರ ವಿಚಾರಣೆ. ಅಲ್ಲಿಯವರೆಗೆ ಆಫೀಸಿಗೆ ಕಾಲಿಡುವಂತಿಲ್ಲ.

ನಾನು ನಕ್ಕೆ. ಮೊದಲ ಸಲ ನನ್ನ ನಗುವಿಗೆ ಯಾರೂ ಜೊತೆ ಕೊಡಲಿಲ್ಲ. ಎಂಟನೇ ತರಗತಿಯ ಮಕ್ಕಳು ಅದೇ ಗೋಡೆಯ ಕೆಳಗೆ ಕೂರುತ್ತಿದ್ದರು. ಪತ್ರವೇ ಸುಳ್ಳೆಂದ ಮೇಲೆ ಬಿರುಕನ್ನು ಯಾರು ನೋಡುತ್ತಾರೆ? ಮಾಸ್ತರು ಕೋಲೂರಿಕೊಂಡು ಹೆಡ್‌ಮಾಸ್ತರ ಹತ್ತಿರ ಹೋಗಿ, ಪತ್ರ ನನ್ನದೇ, ನಾ ಹೇಳಿದೆ, ಕಂಪ್ಯೂಟರ್ ಬರೆಯಿತು ಎಂದರಂತೆ. ಹೆಡ್‌ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

"ಮಾಸ್ತರ, ಮಾತಾಡಿದ್ರ ಬರಿಯೂ ಮಷೀನಾ? ನಿಮ್ಮನ್ನೂ ಮಂಗ್ಯಾ ಮಾಡ್ಯಾನಲ್ರಿ ಅಂವ! ನನಗ ಕುಬಸದ ಊಟ, ನಿಮಗ ಮಾತಾಡೂ ಮಷೀನು."

ಮಾಸ್ತರು ಅದನ್ನು ನನಗೆ ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಮೂವತ್ತೈದು ವರ್ಷ ಪಾಠ ಮಾಡಿದವರ ಮಾತು ನನ್ನ ಸಹವಾಸದಿಂದ ಸುಳ್ಳಾಗಿತ್ತು.

ಸೋಮವಾರ ಹನ್ನೊಂದೂವರೆಗೆ ಅಧ್ಯಕ್ಷರು ಬಂದರು. ದಪ್ಪ ಮೀಸೆ, ಕಡಿಮೆ ಮಾತು. ಯಂತ್ರ ಬರೆಯುವುದು ಖರೆಯಾದರೆ ಮಾಸ್ತರು ತಮ್ಮ ಕಣ್ಣ ಮುಂದೆಯೇ ಆ ಪತ್ರವನ್ನು ಹೇಳಿ ಬರೆಸಲಿ ಎಂಬುದು ಅವರು ಇಟ್ಟ ಪರೀಕ್ಷೆ. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಹೇಳಿದರು: "ಅಲ್ಲೇ ನಿಂದ್ರು. ಕೈ ಹಿಂದ ಕಟ್ಟು. ನೀ ಬಾಯಿ ಬಿಟ್ಟಿ, ಒಂದು ಸನ್ನಿ ಮಾಡಿದಿ ಅಂದ್ರ ಅಲ್ಲಿಗೆ ಮುಗೀತು. ಮನಿಗೆ ಹೋಗೂದ."

ಒಳಗೆ ನೋಡಿದೆ. ಅಧ್ಯಕ್ಷರು ಬರುತ್ತಾರೆಂದು ಹೆಡ್‌ಮಾಸ್ತರು ಆಫೀಸನ್ನು ಒಪ್ಪಗೊಳಿಸಿದ್ದರು. ಹಾಜರಿ ಪುಸ್ತಕಗಳ ಗಂಟು ಬೀರು ಸೇರಿತ್ತು. ಮಾನಿಟರು ಟೇಬಲ್ಲಿನ ಮೇಲೆ ತಗ್ಗಿ ಕೂತಿತ್ತು. ಅದರ ಮುಂದೆ ಮಾಸ್ತರಿಗಾಗಿ ಒಂದು ಮೆತ್ತೆ ಹಾಕಿದ ಕುರ್ಚಿ.

"ಬರ್ರಿ ಮಾಸ್ತರ, ಕೂಡ್ರಿ" ಎಂದರು ಅಧ್ಯಕ್ಷರು. ತಾವೇ ಕುರ್ಚಿ ಸರಿಸಿ ಕೊಟ್ಟರು. ಅಷ್ಟು ದೊಡ್ಡವರು ಸರಿಸಿದ ಕುರ್ಚಿಯನ್ನು ಬೇಡ ಎನ್ನುವುದು ಹೇಗೆ? ಮಾಸ್ತರು ಕೈ ಮುಗಿದು ಕೂತರು.

ಎದ್ದು ನಿಂತುಕೊಳ್ಳಿ ಸರ ಎಂದು ಕೂಗಬೇಕಿತ್ತು. ಜೀವನದಲ್ಲಿ ಬೇಡದ ಕಡೆಯಲ್ಲೆಲ್ಲ ಬಾಯಿ ಬಿಟ್ಟವನು ನಾನು. ಬೇಕಾದ ಆ ಒಂದು ಗಳಿಗೆಯಲ್ಲಿ ಬಾಯಿಗೆ ಬೀಗ. ಗೋಡೆಯ ಗಡಿಯಾರ ನೋಡಿದೆ. ಹನ್ನೆರಡಕ್ಕೆ ಕರೆಂಟು ಹೋಗುವುದು ಆಗ ದಿನದ ನೇಮ. ನಮ್ಮ ಯುಪಿಎಸ್ಸಿನ ಬ್ಯಾಟರಿ ಐದು ನಿಮಿಷ ಬಂದರೆ ಹೆಚ್ಚು.

ಮಾಸ್ತರು ಹೆಡ್‌ಫೋನು ಹಾಕಿಕೊಂಡು ಹೇಳತೊಡಗಿದರು. ಮೆಲ್ಲಗೆ, ವಿನಯದಿಂದ, ತಲೆ ತಗ್ಗಿಸಿ. ಪರದೆಯ ಮೇಲೆ ಅಕ್ಷರಗಳೇನೋ ಬಂದವು. ಅದು ಇಂಗ್ಲಿಷೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಶಬ್ದಗಳ ರಾಶಿ. ಅಳಿಸಿದರು. ಮತ್ತೆ ಹೇಳಿದರು. ಮತ್ತೆ ರಾಶಿ. ಅವರ ಕಿವಿ ಕೆಂಪಾಯಿತು, ಹೇಳುವ ದನಿ ಇನ್ನೂ ಕುಗ್ಗಿತು. ಕುಗ್ಗಿದಷ್ಟೂ ಯಂತ್ರ ಇನ್ನೂ ಕೆಟ್ಟದಾಗಿ ಬರೆಯಿತು. ಹನ್ನೆರಡಕ್ಕೆ ಹದಿನೈದು ನಿಮಿಷ. ಹತ್ತು ನಿಮಿಷ.

"ಇದು ನಿಮ್ಮ ಇಂಗ್ಲಿಷೇನ್ರಿ?" ಎಂದರು ಅಧ್ಯಕ್ಷರು. ಅವರು ಕುಹಕವಾಡಲಿಲ್ಲ, ಮರುಗಿದರು. ಅದೇ ಹೆಚ್ಚು ಚುಚ್ಚಿತು.

"ಸಾಹೇಬ್ರ, ಅವತ್ತು ಬರದಿತ್ರಿ..." ಎಂದರು ಮಾಸ್ತರು. ನಡುಗುವ ಎರಡೂ ಕೈಯನ್ನು ತೊಡೆಯ ಸಂದಿಗೆ ಸೇರಿಸಿಕೊಂಡರು.

ಅಧ್ಯಕ್ಷರು ಪೆನ್ನು ತೆಗೆದು ನನ್ನ ಫೈಲು ಎಳೆದುಕೊಂಡರು. ಹೆಡ್‌ಮಾಸ್ತರು ಅವರ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು: "ನಾ ಹೇಳಿದ್ನಿಲ್ರಿ? ವಯಸ್ಸಾಗೇತಿ, ಪಾಪ. ಆ ಹಲ್ಕಾ ಇವರ ತಲಿ ಕೆಡಸ್ಯಾನ." ಹೇಳಿ ಕಿಸಕ್ಕನೆ ನಕ್ಕರು.

ತರಗತಿಯಲ್ಲಿ ಹಿಂದಿನ ಬೆಂಚಿನವರು ಪಿಸುಗುಟ್ಟಿ ನಕ್ಕರೆ ಮಾಸ್ತರು ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಮಾಡಬೇಕೆಂದು ಮಾಡಿದ್ದಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ಎಡಗೈ ಟೇಬಲ್ಲಿಗೆ ಬಡಿಯಿತು.

"ಸೈಲೆನ್ಸ್!"

ಗೇಟಿನ ಹೊರಗಿನವರೆಗೂ ಕೇಳಿರಬೇಕು. ಹೆಡ್‌ಮಾಸ್ತರು ಬಾಯಿ ಮುಚ್ಚಿ ನೆಟ್ಟಗೆ ಕೂತರು. ಅಧ್ಯಕ್ಷರೂ ನೆಟ್ಟಗೆ ಕೂತರು. ಪರದೆಯ ಮೇಲೆ, ಆ ರಾಶಿಯ ಕೊನೆಯಲ್ಲಿ, ಒಂದೇ ಒಂದು ಶಬ್ದ ಸ್ವಚ್ಛವಾಗಿ ಮೂಡಿತು: ಸೈಲೆನ್ಸ್.

ಮಾಸ್ತರು ಅದನ್ನು ನೋಡಿದರು. ಆಮೇಲೆ ಕೆಳಗೆ ಬಿದ್ದ ಕುರ್ಚಿಯನ್ನು ನೋಡಿದರು. ನನ್ನತ್ತ ತಿರುಗಲಿಲ್ಲ, ತಿರುಗಿದರೆ ನನ್ನ ಕಥೆ ಮುಗಿಯುತ್ತದೆಂದು ಅವರಿಗೆ ಗೊತ್ತಿತ್ತು. ಎದೆ ಎತ್ತಿದರು. ರಾಗ ತೆಗೆದರು. "ಟು ದಿ ಪ್ರೆಸಿಡೆಂಟ್, ಕಾಮಾ... ಟು ದಿ ಪ್ರೆಸಿಡೆಂಟ್, ಕಾಮಾ..."

ಎರಡು ಸಲ. ಯಂತ್ರ ಎರಡು ಸಲ ಬರೆಯಿತು. ಗೋಡೆ ಬಿರಿದಿದೆ, ಎರಡು ಸಲ. ನಲವತ್ತು ಮಕ್ಕಳು, ಎರಡು ಸಲ. ಮೊಣಕಾಲುಗಳು ಧೋತರದೊಳಗೆ ಗಡಗಡ ಎನ್ನುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಹಣೆಯಿಂದ ಬೆವರು ಕನ್ನಡಕಕ್ಕೆ ಇಳಿಯಿತು. ಪರದೆ ತಗ್ಗಿನಲ್ಲಿತ್ತಲ್ಲ, ಅವರಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ; ಆದರೂ ದನಿ ಅಲುಗಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಫ್ಯಾನು ನಿಂತಿತು. ಯುಪಿಎಸ್ಸು ಕುಂಯ್ ಕುಂಯ್ ಎಂದು ಕೂಗತೊಡಗಿತು. ಮಾಸ್ತರು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ನಾನು ಅಧ್ಯಕ್ಷರ ಕೈ ನೋಡಿದೆ. ನನ್ನ ಹಣೆಬರಹ ಬರೆಯಲು ತೆಗೆದ ಪೆನ್ನು, ಅವರಿಗೆ ಅರಿವಿಲ್ಲದೆಯೇ, ಫೈಲಿನ ಅಂಚಿನಲ್ಲಿ ಮಾಸ್ತರು ಹೇಳಿದ್ದನ್ನು ಬರೆದುಕೊಳ್ಳುತ್ತಿತ್ತು. ಡಿಕ್ಟೇಶನ್ನಿನ ಆ ರಾಗ ಕೇಳಿದರೆ ಸುಮ್ಮನಿರುವ ಕೈ ನಮ್ಮ ಸೀಮೆಯಲ್ಲಿ ಯಾರಿಗಿತ್ತು?

"...ಬಿಫೋರ್ ಎ ಚೈಲ್ಡ್ ಈಸ್ ಹರ್ಟ್, ಫುಲ್‌ಸ್ಟಾಪ್." ಒಂದು ಮಗುವಿಗೆ ಪೆಟ್ಟಾಗುವ ಮುನ್ನ. ಅದನ್ನೂ ಎರಡು ಸಲ ಹೇಳಿದರು. ಎರಡನೇ ಫುಲ್‌ಸ್ಟಾಪು ಮೂಡಿ, ನಾವು ಅದನ್ನು ನೋಡಿ, ಉಸಿರು ಬಿಟ್ಟ ಮೇಲೆ ಪರದೆ ಕಪ್ಪಾಯಿತು.

ಅಧ್ಯಕ್ಷರು ಫೈಲಿನ ಅಂಚಿನಲ್ಲಿ ತಾವು ಬರೆದುಕೊಂಡಿದ್ದನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಅಂಚಿಗೆ ಹಾಕಿದ ಪತ್ರದಾಗ ಒಂದೊಂದ ಸಲ ಐತಲ್ಲೋ?"

"ಎರಡನೇದು ನಾ ಅಳಿಸೇನ್ರಿ ಸಾಹೇಬ್ರ. ಅಳಿಸಿದ್ದಷ್ಟ."

"ನಿನ್ನ ಬಾಯಾಗ ಖರೇ ಮಾತು ಹಿಂಗ ಇರತೈತೇನು!" ಎಂದು ಎದ್ದು, ನೇರ ಎಂಟನೇ ತರಗತಿಯ ಕೋಣೆಗೆ ಹೋದರು. ಬಿರುಕಿಗೆ ಕೈ ಹಾಕಿ ನೋಡಿದರು. ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಮಕ್ಕಳನ್ನು ಅಂದೇ ಹೊರಗೆ ಬೇವಿನಮರದ ಕೆಳಗೆ ಕೂಡಿಸಿದರು. ಮರುವಾರ ಕೆಡವಲು ಬಂದವರು ಆ ಗೋಡೆಗೆ ಹಾರೆ ಹಾಕಿದ್ದು ಎರಡೇ ಏಟು. ನನ್ನ ಅಮಾನತಿನ ಕಾಗದವನ್ನು ಅಧ್ಯಕ್ಷರು ಹೆಡ್‌ಮಾಸ್ತರ ಕೈಯಿಂದಲೇ ಹರಿದು ಹಾಕಿಸಿದರು.

ಆ ದಿನ ಸಂಜೆ ಮಾಸ್ತರ ಮನೆಗೆ ಹೋದೆ. ಅವರು ಹೊರಸಿನ ಮೇಲೆ ಕಾಲು ಚಾಚಿದ್ದರು. ಅವರ ಹೆಂಡತಿ ಉಪ್ಪಿನ ಗಂಟು ಬಿಸಿ ಮಾಡಿ ಮೊಣಕಾಲಿಗೆ ಕಾವು ಕೊಡುತ್ತಿದ್ದರು. ಎರಡೂ ಮೊಣಕಾಲು ಕುಂಬಳಕಾಯಿಯಂತೆ ಬಾತಿದ್ದವು. ನಾನು ಅವರ ಪಾದ ಮುಟ್ಟಿ, "ತಪ್ಪಾತ್ರಿ ಸರ. ನನ್ನ ಆಟದಿಂದ ನಿಮ್ಮ ಖರೇ ಮಾತನ್ನ ಯಾರೂ ನಂಬಲಿಲ್ಲ. ನನ್ನಿಂದ ನಿಮಗ ನಿಲ್ಲೂ ಶಿಕ್ಷಾ ಆತು" ಎಂದೆ. ಅವರು ನಡುಗುವ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಹೋಗೋ ಹುಚ್ಚಪ್ಪಾ" ಎಂದರು.

ಅಂದಿನಿಂದ ಮಾಸ್ತರು ಶಾಲೆಗೆ ಬರಲಿಲ್ಲ. ಬರಲಾಗಲಿಲ್ಲ. ಆಮೇಲೆ ಹೊರಸಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಹೊರಸಿಗೆ... ಎರಡು ವರ್ಷ ಹಾಗೇ ಕಳೆದು, ಒಂದು ದಿನ ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ.

ಈಗ ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಕೂತು ನೋಡುತ್ತಿರುತ್ತೇನೆ. ಸಂತೆಗೆ ಬಂದ ಹೆಣ್ಣುಮಕ್ಕಳು ಫೋನನ್ನು ಬಾಯಿ ಹತ್ತಿರ ಹಿಡಿದು, "ಬಸ್ ಬಂದಿಲ್ಲ, ಎಮ್ಮಿಗೆ ನೀರು ಕುಡಸು" ಅನ್ನುತ್ತಾರೆ. ಅದು ಕನ್ನಡದಲ್ಲೇ ಬರೆದು ಕಳಿಸುತ್ತದೆ. ಯಾರೂ ಅದಕ್ಕೆ ಭಾನುವಾರಗಟ್ಟಲೆ ಪಾಠ ಓದುವುದಿಲ್ಲ. ಕೂತು ಹೇಳಿದರೂ ಬರೆಯುತ್ತದೆ, ಮಲಗಿ ಹೇಳಿದರೂ ಬರೆಯುತ್ತದೆ.

ಸರಿ, ಆ ಸುಳ್ಳು ಯಾವುದೆಂದು ಹೇಳಿಬಿಡುತ್ತೇನೆ. ಯಂತ್ರ ಖರೆ. ಸೈಲೆನ್ಸ್ ಎಂದದ್ದು ಖರೆ, ಅಧ್ಯಕ್ಷರ ಪೆನ್ನು ಓಡಿದ್ದೂ ಖರೆ. ಸಂಜೆ ಹೋದದ್ದು, ಉಪ್ಪಿನ ಕಾವು, ಬಾತ ಮೊಣಕಾಲು ಎಲ್ಲ ಖರೆ. ಆದರೆ ನಾನು ಪಾದ ಮುಟ್ಟಲಿಲ್ಲ. ತಪ್ಪಾಯಿತು ಅನ್ನಲಿಲ್ಲ. ಅನ್ನಬೇಕೆಂದೇ ಹೋಗಿದ್ದೆ. ಆ ಮೊಣಕಾಲು ಕಂಡೆ. ಸೈಲೆನ್ಸ್ ಎಂದಾಗ ಹೆಡ್‌ಮಾಸ್ತರ ಮುಖ ಹೇಗಾಯಿತೆಂದು ಅಣಕಿಸಿ ತೋರಿಸಿದೆ. ಮಾಸ್ತರು ಕೆಮ್ಮು ಬರುವಷ್ಟು ನಕ್ಕರು. ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ಆ ಎರಡು ವರ್ಷದಲ್ಲಿ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಹೋದಾಗಲೆಲ್ಲ ಒಂದೊಂದು ಹೊಸ ಅಣಕ ಹಿಡಿದುಕೊಂಡೇ ಹೋದೆ.

ತಪ್ಪಾತ್ರಿ ಸರ ಎಂಬ ಮಾತು, ಇಲ್ಲಿ ಬರೆದೆನಲ್ಲ, ಇದೇ ಮೊದಲು.